ಹೊಳೆಯ ಕಾವಲುಗಾರನಿಗೆ ಕೊರೊನಾ ಹೆಸರು

ಬಾಲ್ಕನ್ ಪ್ರದೇಶದ ಪುಟ್ಟ ದೇಶವಾದ ಕೊಸೊವೊದ ಪ್ರಿಷ್ಟಿನಾ ವಿಶ್ವವಿದ್ಯಾಲಯದ ಹಲೀಲ್ ಇಬ್ರಾಹಿಮಿ ಮತ್ತು ಅವರ ಸಂಗಡಿಗರು 2021ರ ಏಪ್ರಿಲ್‌ನಲ್ಲಿ, ಜಗತ್ತು ಇನ್ನೂ ಸಾಂಕ್ರಾಮಿಕದ ಹಿಡಿತದಲ್ಲಿದ್ದಾಗ, ಬೆಟ್ಟದ ಹೊಳೆಯೊಂದರಲ್ಲಿ ವಾಸಿಸುವ ಹೊಸ ಕೀಟಪ್ರಭೇದವನ್ನು ವಿಜ್ಞಾನಕ್ಕೆ ಪರಿಚಯಿಸಿ, ಅದಕ್ಕೆ ‘ಪೊಟಮೊಫಿಲ್ಯಾಕ್ಸ್ ಕೊರೊನಾವೈರಸ್’ ಎಂದು ಹೆಸರಿಟ್ಟರು. ಹೆಸರು ಸುದ್ದಿಯಾಯಿತು, ಕೀಟ ಅಷ್ಟಾಗಿ ಆಗಲಿಲ್ಲ. ಆದರೆ ಅದನ್ನು ‘ಹೊಸದು’ ಎಂದು ಸಾರುವ ಮುನ್ನ ನಡೆದ ಕೆಲಸವೂ, ಅಂಥ ಹೆಸರನ್ನೇ ಆರಿಸಿಕೊಂಡುದರ ಹಿಂದಿನ ಕಾರಣವೂ ಸುದ್ದಿಗಿಂತ ಹೆಚ್ಚು ಗಮನಕ್ಕೆ ಅರ್ಹವಾಗಿವೆ.

ಈ ಕೀಟ ಕ್ಯಾಡಿಸ್ ನೊಣಗಳೆಂದು ಕರೆಯಲಾಗುವ ಗುಂಪಿಗೆ ಸೇರಿದ್ದು, ರೂಢಿಯ ಹೆಸರಿನಲ್ಲಿ ನೊಣವೆಂದಿದ್ದರೂ ಅದು ನೊಣವಲ್ಲ. ನಿಜವಾದ ನೊಣ, ಸೊಳ್ಳೆಗಳಿಗೆ ಹಾರಲು ಒಂದೇ ಜೊತೆ ರೆಕ್ಕೆಗಳಿದ್ದರೆ ಇವಕ್ಕೆ ಎರಡು ಜೊತೆ ಇವೆ. ವಂಶವೃಕ್ಷದಲ್ಲಿ ಇವುಗಳ ಅತಿ ಹತ್ತಿರದ ಬಂಧುಗಳು ಚಿಟ್ಟೆ ಮತ್ತು ಪತಂಗಗಳು. ಚಿಟ್ಟೆಯ ರೆಕ್ಕೆಯನ್ನು ಹುಡಿಯಂಥ ಹುರುಪೆಗಳು ಮುಚ್ಚಿದ್ದರೆ ಇವುಗಳ ರೆಕ್ಕೆಯ ಮೇಲೆ ಸೂಕ್ಷ್ಮ ರೋಮಗಳಿರುತ್ತವೆ, ಮತ್ತು ಕುಳಿತಾಗ ರೆಕ್ಕೆಗಳು ಮೈಮೇಲೆ ಮಾಡಿನಂತೆ ಇಳಿಜಾರಾಗಿ ಮಡಚಿಕೊಳ್ಳುತ್ತವೆ. ಜಗತ್ತಿನಲ್ಲಿ ಈವರೆಗೆ ವರ್ಣಿಸಲಾದ ಕ್ಯಾಡಿಸ್ ಪ್ರಭೇದಗಳ ಸಂಖ್ಯೆ 16,000ವನ್ನು ದಾಟಿದೆ.

ರೆಕ್ಕೆ ಬಂದ ಮೇಲಿನ ಬದುಕು ಕೆಲವು ವಾರಗಳದ್ದಷ್ಟೇ. ಆಯುಸ್ಸಿನ ಬಹುಪಾಲನ್ನು ಇವು ಮರಿಹುಳುವಾಗಿ ನೀರಿನಡಿಯಲ್ಲಿ ಕಳೆಯುತ್ತವೆ. ರೇಷ್ಮೆಹುಳುವಿನಂತೆಯೇ ಕ್ಯಾಡಿಸ್ ಮರಿಯೂ ಬಾಯಿಯ ಬಳಿಯಿಂದ ರೇಷ್ಮೆಯ ಎಳೆಯನ್ನು ಹೊರಬಿಡುತ್ತದೆ, ಆದರೆ ಈ ರೇಷ್ಮೆಗೆ ನೀರಿನಲ್ಲಿ ನೆನೆದೇ ಅಂಟಿಕೊಳ್ಳುವ ಗುಣವಿದೆ. ಹಲವು ಜಾತಿಗಳು ಮರಳಿನ ಕಣ, ಎಲೆಯ ಚೂರು, ಕಡ್ಡಿಗಳನ್ನು ಈ ಎಳೆಯಿಂದ ಜೋಡಿಸಿ ಮೈಗೆ ಸರಿಹೊಂದುವ ಕೊಳವೆಯೊಂದನ್ನು ಕಟ್ಟಿಕೊಂಡು, ಹೋದಲ್ಲೆಲ್ಲ ಅದನ್ನು ಎಳೆದೊಯ್ಯುತ್ತವೆ. (ಫ್ರಾನ್ಸಿನ ಕಲಾವಿದ ಹ್ಯೂಬರ್ಟ್ ದ್ಯುಪ್ರಾ ಇಂಥ ಹುಳುಗಳ ಮುಂದೆ ಚಿನ್ನದ ಚೂರು ಮತ್ತು ಮುತ್ತುಗಳನ್ನು ಇಟ್ಟಾಗ ಅವು ಯಾವ ಭೇದವನ್ನೂ ಎಣಿಸದೆ ಅವುಗಳಿಂದಲೇ ಕೊಳವೆ ಕಟ್ಟಿದವು.) ಪೊಟಮೊಫಿಲ್ಯಾಕ್ಸ್ ಕುಲದ ಮರಿಗಳು ಹೊಳೆಗೆ ಬಿದ್ದ ಎಲೆಗಳನ್ನು ಕತ್ತರಿಸಿ ತಿನ್ನುವುದರಿಂದ ಕಾಡಿನ ತರಗೆಲೆ ನೀರಿನ ಆಹಾರಸರಣಿಗೆ ಸೇರುತ್ತದೆ, ಆ ಮರಿಗಳು ಮೀನಿಗೆ ಆಹಾರವಾಗುತ್ತವೆ.

ಇನ್ನು ಹೊಸತನವನ್ನು ಗುರುತಿಸುವ ಬಗೆ. ಹತ್ತಿರದ ಸಂಬಂಧಿಗಳಾದ ಕ್ಯಾಡಿಸ್ ಪ್ರಭೇದಗಳು ಬಣ್ಣದಲ್ಲಾಗಲಿ ಗಾತ್ರದಲ್ಲಾಗಲಿ ಬಹುಮಟ್ಟಿಗೆ ಒಂದೇ ಬಗೆಯ ಕಂದು ಕೀಟಗಳಾಗಿರುವುದರಿಂದ ಬರಿಗಣ್ಣಿನ ಸಾಕ್ಷ್ಯ ಇಲ್ಲಿ ನಿಲ್ಲುವುದಿಲ್ಲ. ರಾತ್ರಿ ಹೊಳೆಯ ದಂಡೆಯಲ್ಲಿ ನೇರಳಾತೀತ ದೀಪವಿಟ್ಟು, ಅಥವಾ ಹಗಲಿನಲ್ಲಿ ಬಲೆ ಬೀಸಿ ಹಿಡಿದ ಕೀಟಗಳನ್ನು ಮದ್ಯಸಾರದಲ್ಲಿ ಕಾಪಿಟ್ಟು, ಗಂಡು ಕೀಟದ ಹೊಟ್ಟೆಯ ತುದಿಭಾಗವನ್ನು ಬೇರ್ಪಡಿಸಿ, ಮೃದುವಾದ ಅಂಗಾಂಶವೆಲ್ಲ ಕರಗುವಂತೆ ಕ್ಷಾರದ ದ್ರಾವಣದಲ್ಲಿಟ್ಟ ನಂತರ ಉಳಿಯುವ ಗಟ್ಟಿ ಕವಚವನ್ನು ಸೂಕ್ಷ್ಮದರ್ಶಕದಡಿ ನೋಡಿ ಚಿತ್ರ ಬರೆಯಲಾಗುತ್ತದೆ. ಜನನಾಂಗಗಳ ಮುಳ್ಳು, ಕೊಕ್ಕೆ, ಬಾಗುಗಳ ವಿನ್ಯಾಸ ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿರುವುದರಿಂದ ನಿರ್ಣಯ ಹೆಚ್ಚಾಗಿ ಅಲ್ಲಿಯೇ ಆಗುತ್ತದೆ. ಇದರ ಜೊತೆಗೆ ಈಗ ಡಿಎನ್‌ಎ ಪರೀಕ್ಷೆಯೂ ಸೇರಿಕೊಂಡಿದೆ: ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಒಂದು ನಿರ್ದಿಷ್ಟ ಜೀನಿನ ತುಣುಕನ್ನು ಪ್ರಭೇದದ ಗುರುತುಪಟ್ಟಿಯಂತೆ ಬಳಸಬಹುದೆಂದು ಕೆನಡಾದ ಪಾಲ್ ಹೀಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಸೂಚಿಸಿದ ಮೇಲೆ ಇದು ಹೊಸ ಪ್ರಭೇದಗಳ ವರ್ಣನೆಯಲ್ಲಿ ವಾಡಿಕೆಯಾಗಿದೆ. ಕೊಸೊವೊದ ಕೀಟದ ವಿಷಯದಲ್ಲಿ ಅಂಗರಚನೆ, ಡಿಎನ್‌ಎ ಎರಡೂ ಒಂದೇ ತೀರ್ಮಾನದತ್ತ ಬೆರಳು ತೋರಿದವು.

ತೀರ್ಮಾನವಾದರೆ ಸಾಲದು, ಅದು ದಾಖಲಾಗಬೇಕು. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಹೆಸರು ಪ್ರಕಟವಾಗಬೇಕು, ಪ್ರಭೇದವನ್ನು ಇತರವುಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಹೇಳಬೇಕು, ಮತ್ತು ಆ ಹೆಸರಿಗೆ ಶಾಶ್ವತ ಆಧಾರವಾಗುವಂತೆ ಒಂದು ನಿರ್ದಿಷ್ಟ ಮಾದರಿಯನ್ನು ‘ಹೋಲೊಟೈಪ್’ ಎಂದು ಗೊತ್ತುಪಡಿಸಬೇಕು. ಮುಂದೆ ಸಂದೇಹ ಬಂದಾಗ ವಿದ್ವಾಂಸರು ಮರಳುವುದು ಸಂಗ್ರಹಾಲಯದ ಆ ಒಂದು ಕೀಟಕ್ಕೇ. ಹೀಗೆ ಕೀಟ ಕೈಗೆ ಸಿಕ್ಕ ದಿನಕ್ಕೂ ಅದು ಹೆಸರು ಪಡೆಯುವ ದಿನಕ್ಕೂ ನಡುವೆ ವರ್ಷಗಳೇ ಉರುಳುತ್ತವೆ. ಈ ಕೀಟವನ್ನೂ ಸಾಂಕ್ರಾಮಿಕ ಹಬ್ಬುವುದಕ್ಕೆ ಕೆಲವು ವರ್ಷ ಮೊದಲೇ ಸಂಗ್ರಹಿಸಲಾಗಿತ್ತು.

ಅದು ಸಿಕ್ಕ ಜಾಗ ‘ಶಾಪಗ್ರಸ್ತ ಪರ್ವತಗಳು’ ಎಂದು ಹೆಸರಾದ ಶ್ರೇಣಿಯ ರಾಷ್ಟ್ರೀಯ ಉದ್ಯಾನ. ಕೊಸೊವೊ, ಅಲ್ಬೇನಿಯಾ, ಮಾಂಟೆನೆಗ್ರೊ ದೇಶಗಳಲ್ಲಿ ಹರಡಿರುವ ಈ ಶ್ರೇಣಿಯಿಂದ ದೆಚಾನ್ ಪಟ್ಟಣದತ್ತ ಇಳಿಯುವ ಹೊಳೆಯ ಮೇಲೆ ಜಲವಿದ್ಯುತ್ ಸ್ಥಾವರಗಳು ಕಟ್ಟಲ್ಪಟ್ಟಿವೆ. ಗಾತ್ರದಲ್ಲಿ ಕಿರಿದಾದುದರಿಂದ ಇಂಥ ಸ್ಥಾವರಗಳಿಂದ ಹಾನಿಯೂ ಕಿರಿದೆಂಬ ನಂಬಿಕೆ ಎಲ್ಲೆಡೆ ಇದೆ, ಆದರೆ ಅದು ಪೂರ್ತಿ ಸರಿಯಲ್ಲ. ಹೊಳೆಯ ನೀರನ್ನು ಮೇಲ್ಭಾಗದಲ್ಲೇ ಕೊಳವೆಗೆ ತಿರುಗಿಸಿ ಬಹುದೂರ ಕೆಳಗೆ ಮತ್ತೆ ಪಾತ್ರಕ್ಕೆ ಬಿಡುವಾಗ ನಡುವಿನ ಪಾತ್ರ ಸೊರಗುತ್ತದೆ, ಮತ್ತು ತಂಪಾದ, ಆಮ್ಲಜನಕ ತುಂಬಿದ ಹರಿವನ್ನೇ ನಂಬಿದ ಮರಿಹುಳುಗಳಿಗೆ ಬೇರೆಡೆಗೆ ಹೋಗುವ ದಾರಿಯಿರುವುದಿಲ್ಲ. ಜನರು ಸಾಂಕ್ರಾಮಿಕದಿಂದ ತತ್ತರಿಸುತ್ತಿರುವಾಗಲೇ ಸಿಹಿನೀರಿನ ಜೀವಿಗಳ ನಡುವೆ ಸದ್ದಿಲ್ಲದ ಇನ್ನೊಂದು ಸಾಂಕ್ರಾಮಿಕ ಹರಡುತ್ತಿದೆ ಎಂಬುದನ್ನು ಸೂಚಿಸಲೆಂದೇ ಲೇಖಕರು ಆ ಹೆಸರನ್ನು ಆರಿಸಿದ್ದರು. ಕುಲದ ಹೆಸರಿಗೆ ಗ್ರೀಕ್ ಮೂಲದಲ್ಲಿ ‘ನದಿಯ ಕಾವಲುಗಾರ’ ಎಂಬ ಅರ್ಥವಿರುವುದು ಬರೀ ಕಾಕತಾಳೀಯ. ಪ್ರಭೇದದ ಹೆಸರು ವಾದವನ್ನು ಹೊರಬೇಕೇ ಎಂದು ಸಾಂಪ್ರದಾಯಿಕರು ಕೇಳಬಹುದಾದರೂ, ಹಳೆಯ ಪದ್ಧತಿಯಲ್ಲಿ ಹೆಸರಿಟ್ಟಿದ್ದರೆ ಈ ಹೊಳೆಯ ಸಂಗತಿ ತಜ್ಞರ ವಲಯ ದಾಟುತ್ತಿರಲಿಲ್ಲ.

ಬೆಟ್ಟದ ತೊರೆಗಳ ಕ್ಯಾಡಿಸ್ ಕೀಟಗಳಲ್ಲಿ ಹಲವು ಒಂದೆರಡು ಕಣಿವೆಗಳಿಗೆ ಸೀಮಿತವಾಗಿವೆ, ಏಕೆಂದರೆ ದೂರ ಹಾರಲಾರದ ಇವು ಒಂದೊಂದು ಜಲಮೂಲದಲ್ಲಿ ಬಹುಕಾಲ ಪ್ರತ್ಯೇಕವಾಗಿ ಉಳಿದು ಬೇರೆಬೇರೆ ಪ್ರಭೇದಗಳಾಗಿ ಕವಲೊಡೆದಿವೆ. ಪಶ್ಚಿಮ ಘಟ್ಟದ ತೊರೆಗಳಲ್ಲೂ ಕ್ಯಾಡಿಸ್ ಕೀಟಗಳ ಸಂಪತ್ತು ದೊಡ್ಡದು. ಭಾರತದಿಂದ ದಾಖಲಾದ ಸಾವಿರಕ್ಕೂ ಹೆಚ್ಚು ಪ್ರಭೇದಗಳಲ್ಲಿ ದೊಡ್ಡ ಪಾಲನ್ನು ಇಪ್ಪತ್ತನೆಯ ಶತಮಾನದಲ್ಲಿ ಸ್ವಿಸ್ ಮೂಲದ ಫರ್ನಾಂಡ್ ಷ್ಮಿಡ್ ವರ್ಣಿಸಿದರು. ಆ ವರ್ಣನೆಗಳಾದರೋ ಹೆಚ್ಚಾಗಿ ರೆಕ್ಕೆ ಬಂದ ಗಂಡು ಕೀಟಗಳವು. ಹೊಳೆಯ ಶುದ್ಧಿಯನ್ನು ಅಳೆಯುವವರಿಗೆ ನೀರಿನಲ್ಲಿ ಸಿಗುವುದು ಮರಿಹುಳು, ಮತ್ತು ಯಾವ ಮರಿ ಯಾವ ಪ್ರಭೇದದ್ದೆಂಬ ನಂಟು ಬಹುತೇಕ ಜಾತಿಗಳಲ್ಲಿ ಇನ್ನೂ ಬೆಸೆದಿಲ್ಲವಾದ್ದರಿಂದ ಸಮೀಕ್ಷೆಗಳಲ್ಲಿ ಅದು ಕುಟುಂಬದ ಅಥವಾ ಕುಲದ ಹೆಸರಿನಲ್ಲಷ್ಟೇ ನಮೂದಾಗುತ್ತದೆ. ಮರಿಯ ಡಿಎನ್‌ಎಯನ್ನು ಹೆಸರುಳ್ಳ ಗಂಡಿನ ಡಿಎನ್‌ಎಯೊಂದಿಗೆ ಹೋಲಿಸಿ ಈ ಕೊರತೆಯನ್ನು ತುಂಬಬಹುದಾದರೂ, ಅದಕ್ಕೆ ಮೊದಲು ಆ ಗಂಡು ಕೀಟವನ್ನು ಯಾರಾದರೂ ಅದೇ ತೊರೆಯಿಂದ ಹಿಡಿದು ತಂದು ಸರಿಯಾಗಿ ಗುರುತಿಸಿರಬೇಕಾಗುತ್ತದೆ.