ಆನ್ ಹ್ಯುನ್-ಸೂ ವಿಕ್ಟರ್ ಆನ್ ಆದದ್ದು ಹೇಗೆ

ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್‌ನಲ್ಲಿ 500 ಮೀಟರ್, 1000 ಮೀಟರ್, 1500 ಮೀಟರ್ ಮತ್ತು ರಿಲೇ, ಈ ನಾಲ್ಕರಲ್ಲೂ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಸ್ಪರ್ಧಿ ಆನ್ ಹ್ಯುನ್-ಸೂ. 1985ರ ನವೆಂಬರ್ 23ರಂದು ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಹುಟ್ಟಿದ ಈತ ಒಲಿಂಪಿಕ್ಸ್‌ನಲ್ಲಿ ಗೆದ್ದ ಪದಕಗಳು ಒಟ್ಟು 8. ಅದರಲ್ಲಿ ಚಿನ್ನವೇ 6. ಆ ಆರರಲ್ಲಿ ಮೂರು ಹುಟ್ಟಿದ ನಾಡಿನ ಲೆಕ್ಕಕ್ಕೆ ಸೇರಿವೆ, ಉಳಿದ ಮೂರು ರಷ್ಯಾದ ಲೆಕ್ಕಕ್ಕೆ. 2006ರ ಟ್ಯೂರಿನ್‌ಗೂ 2014ರ ಸೋಚಿಗೂ ನಡುವಿನ ಎಂಟು ವರ್ಷಗಳಲ್ಲಿ ಒಂದು ಮಂಡಿ ಮುರಿಯಿತು, ಒಂದು ತಂಡ ಮುಚ್ಚಿಹೋಯಿತು, ಒಂದು ಹೆಸರು ಬದಲಾಯಿತು.

ಈ ಆಟ ನಡೆಯುವುದು 60 ಮೀಟರ್ ಉದ್ದ, 30 ಮೀಟರ್ ಅಗಲದ ಮಂಜುಗಡ್ಡೆಯ ಅಂಗಳದಲ್ಲಿ. ಅದರೊಳಗಿನ ಅಂಡಾಕಾರದ ಪಥದ ಒಂದು ಸುತ್ತು 111.12 ಮೀಟರ್. 500 ಮೀಟರ್ ಓಟಕ್ಕೆ ನಾಲ್ಕೂವರೆ ಸುತ್ತು, 1000 ಮೀಟರಿಗೆ ಒಂಬತ್ತು, 1500ಕ್ಕೆ ಹದಿಮೂರೂವರೆ, 5000 ಮೀಟರ್ ರಿಲೇಗೆ ನಲವತ್ತೈದು. ನಾಲ್ಕಾರು ಮಂದಿ ಒಟ್ಟಿಗೇ ಹೊರಡುತ್ತಾರೆ, ಯಾರಿಗೂ ತನ್ನದೇ ಎಂಬ ಲೇನ್ ಇಲ್ಲ. ಗಡಿಯಾರ ತೋರಿಸುವ ಸಮಯಕ್ಕಿಂತ ಗೆರೆಯನ್ನು ಮೊದಲು ದಾಟುವವರು ಯಾರೆಂಬುದೇ ಮುಖ್ಯ. ಓಟವೆಲ್ಲ ಅಪ್ರದಕ್ಷಿಣವಾಗಿ, ಎಡಕ್ಕೆ ಮಾತ್ರ ತಿರುಗುತ್ತ ಸಾಗುವುದರಿಂದ ಬ್ಲೇಡನ್ನು ಬೂಟಿನ ನಡುಮಧ್ಯಕ್ಕೆ ಕೂರಿಸದೆ ತುಸು ಎಡಕ್ಕೆ ಸರಿಸಿರುತ್ತಾರೆ. ಬ್ಲೇಡೂ ತಿರುವಿನ ದಿಕ್ಕಿಗೆ ಕೂದಲೆಳೆಯಷ್ಟು ಬಾಗಿರುತ್ತದೆ. ತಿರುವಿನಲ್ಲಿ ಸ್ಕೇಟರ್ ಒಳಕ್ಕೆ ಎಷ್ಟು ವಾಲುತ್ತಾನೆಂದರೆ ಎಡಗೈಯ ಬೆರಳುಗಳು ನೆಲ ಮುಟ್ಟುತ್ತವೆ. ಆ ಗ್ಲೌಸಿನ ಬೆರಳ ತುದಿಗಳಿಗೆ ಗಟ್ಟಿ ಕವಚ ಹಾಕಿರುತ್ತಾರೆ. ಬೆರಳು ಮಂಜಿಗೆ ಕಚ್ಚಿಕೊಳ್ಳದೆ ಜಾರಲೆಂದೇ ಈ ಏರ್ಪಾಡು.

ಮುಂದಿರುವವನು ಗಾಳಿಯನ್ನು ಸೀಳಬೇಕು, ಹಿಂದಿರುವವನು ಆ ಮರೆಯಲ್ಲಿ ಶಕ್ತಿ ಉಳಿಸಿಕೊಳ್ಳುತ್ತಾನೆ. ಹಾಗಾಗಿ ದೂರದ ಓಟಗಳಲ್ಲಿ ಮೊದಲ ಸುತ್ತುಗಳು ನೋಡುಗರಿಗೆ ಸಪ್ಪೆ ಎನಿಸುವುದುಂಟು. ಕೊನೆಯ ನಾಲ್ಕೈದು ಸುತ್ತುಗಳಲ್ಲಿ ಎಲ್ಲವೂ ಒಮ್ಮೆಲೇ ಬದಲಾಗುತ್ತದೆ. ಹಿಂದಿಕ್ಕಲು ದಾರಿ ಎರಡೇ. ಎದುರಾಳಿ ತಿರುವಿನಲ್ಲಿ ಹೊರಕ್ಕೆ ಜಾರಿದಾಗ ಒಳಗಿನ ಸಂದಿಯಲ್ಲಿ ನುಗ್ಗಬೇಕು, ಇಲ್ಲವೇ ಹೊರಗಿನ ದೊಡ್ಡ ವೃತ್ತವನ್ನು ಹಿಡಿದು ಹೆಚ್ಚು ದೂರವನ್ನು ಹೆಚ್ಚು ವೇಗದಲ್ಲಿ ಕ್ರಮಿಸಬೇಕು. ಮೊದಲನೆಯದರಲ್ಲಿ ಮೈ ತಾಗಿದರೆ ಅನರ್ಹತೆಯ ಭಯ, ಏಕೆಂದರೆ ಡಿಕ್ಕಿಯಾದಾಗ ಸಾಮಾನ್ಯವಾಗಿ ಹೊಣೆ ಬರುವುದು ಹಿಂದಿಕ್ಕಲು ಹೊರಟವನ ಮೇಲೆ. ಎರಡನೆಯದಕ್ಕೆ ಅಸಾಧಾರಣ ಕಾಲುಬಲ ಬೇಕು. ಆನ್‌ನ ಹೆಸರು ನಿಂತಿರುವುದು ಎರಡೂ ದಾರಿಗಳನ್ನು ಒಂದೇ ಓಟದಲ್ಲಿ ಬಳಸಬಲ್ಲವನೆಂಬ ಕಾರಣಕ್ಕೆ. ತಿರುವಿಗೆ ಅಗಲವಾಗಿ ಪ್ರವೇಶಿಸಿ, ವೇಗ ಕಳೆದುಕೊಳ್ಳದೆ, ಹೊರಬರುವಾಗ ಬಿಗಿಯಾಗಿ ಒಳಕ್ಕೆ ಕತ್ತರಿಸಿ ಬರುವುದು ಆತನ ಮೆಚ್ಚಿನ ನಡೆ. ಎದುರಾಳಿ ಹೊರಬದಿ ಕಾಯುತ್ತಿದ್ದರೆ ಒಳಗಿಂದ, ಒಳಬದಿ ಮುಚ್ಚಿದ್ದರೆ ಹೊರಗಿಂದ. ಈ ಆಟದಲ್ಲಿ ಇದಕ್ಕಿಂತ ಸುಂದರವಾದ ಸ್ಕೇಟಿಂಗ್ ಇನ್ನೊಂದಿಲ್ಲ ಎಂದರೆ ಅತಿಶಯವಾಗದು.

ಕೊರಿಯಾದಲ್ಲಿ ಇಂಥ ಪ್ರತಿಭೆಗೆ ನೆಲ ಸಿದ್ಧವಾಗಿತ್ತು. 1988ರ ಕ್ಯಾಲ್ಗರಿಯಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ಶಾರ್ಟ್ ಟ್ರ್ಯಾಕ್ 1992ರ ಆಲ್ಬರ್ಟ್‌ವಿಲ್‌ನಲ್ಲಿ ಪದಕದ ಸ್ಪರ್ಧೆಯಾಯಿತು. ಅಲ್ಲಿ 1000 ಮೀಟರ್ ಗೆದ್ದ ಕಿಮ್ ಕಿ-ಹೂನ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕೊರಿಯಾಕ್ಕೆ ಮೊಟ್ಟಮೊದಲ ಚಿನ್ನ ತಂದುಕೊಟ್ಟರು. ಹಿಮಬೆಟ್ಟಗಳ ಆಟಗಳಲ್ಲಿ ಯುರೋಪನ್ನು ಮುಟ್ಟಲಾಗದ ದೇಶವೊಂದು ತನ್ನ ಆಟವನ್ನು ಕಂಡುಕೊಂಡದ್ದು ಹೀಗೆ. ಎರಡು ವರ್ಷಗಳ ನಂತರ ಲಿಲ್ಲೆಹ್ಯಾಮರ್‌ನಲ್ಲಿ ಚೇ ಜಿ-ಹೂನ್ 500 ಮೀಟರ್ ಗೆದ್ದರು. ಆ ಓಟಗಳನ್ನು ಕಂಡ ಮಕ್ಕಳ ಪೀಳಿಗೆಯೇ ಆನ್‌ನದು. ಪ್ರಾಥಮಿಕ ಶಾಲೆಯಲ್ಲಿದ್ದಾಗ ಸ್ಕೇಟ್ ಕಟ್ಟಿದ ಹುಡುಗ 2002ರಲ್ಲಿ ಕಿರಿಯರ ವಿಶ್ವ ಚಾಂಪಿಯನ್ ಆದ. ಅದರ ಬೆನ್ನಿಗೇ, ಹದಿನಾರರ ವಯಸ್ಸಿನಲ್ಲಿ, ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ಗೆ ಹೋದ.

ಅಲ್ಲಿನ 1000 ಮೀಟರ್ ಫೈನಲ್ ಈ ಕ್ರೀಡೆಯ ಅತ್ಯಂತ ಹೆಸರುವಾಸಿ ಓಟ. ಕೊನೆಯ ತಿರುವಿನಲ್ಲಿ ಅಮೆರಿಕದ ಅಪೋಲೊ ಓನೊ, ಚೀನಾದ ಲಿ ಜಿಯಾಜುನ್, ಕೆನಡಾದ ಮ್ಯಾಥ್ಯೂ ಟರ್ಕಾಟ್ ಮತ್ತು ಆನ್ ಒಬ್ಬರಿಗೊಬ್ಬರು ಸಿಕ್ಕಿ ಉರುಳಿದರು. ಬಹಳ ಹಿಂದೆ ಉಳಿದಿದ್ದ ಆಸ್ಟ್ರೇಲಿಯಾದ ಸ್ಟೀವನ್ ಬ್ರ್ಯಾಡ್ಬರಿ ನಿಂತುಕೊಂಡೇ ಗೆರೆ ದಾಟಿ ಚಿನ್ನ ಪಡೆದರು. ಜಗತ್ತು ಇಂದಿಗೂ ಬ್ರ್ಯಾಡ್ಬರಿಯ ಅದೃಷ್ಟವನ್ನೇ ನೆನೆಯುತ್ತದೆ. ಬಿದ್ದವರಲ್ಲಿ ಓನೊ ಬೆಳ್ಳಿಗೂ ಟರ್ಕಾಟ್ ಕಂಚಿಗೂ ಮೈಯೆಳೆದುಕೊಂಡು ಹೋದರೆ, ಹದಿನಾರರ ಹುಡುಗ ನಾಲ್ಕನೆಯವನಾಗಿ ಬರಿಗೈಯಲ್ಲಿ ಮರಳಿದ.

ನಂತರದ ಐದು ವರ್ಷ ಆತನದೇ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಗ ಬೇರೆಬೇರೆ ದೂರಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ ಸಮಗ್ರ ಚಾಂಪಿಯನ್ನನ್ನು ನಿರ್ಧರಿಸುತ್ತಿದ್ದರು. 2003ರಿಂದ 2007ರವರೆಗೆ ಸತತ ಐದು ಬಾರಿ ಆ ಪಟ್ಟ ಆನ್‌ಗೆ ಸಿಕ್ಕಿತು. ಒಂದು ದೂರದಲ್ಲಿ ಮಿಂಚಿ ಇನ್ನೊಂದರಲ್ಲಿ ಮುಗ್ಗರಿಸುವವರಿಗೆ ಇದು ದಕ್ಕುವಂಥದ್ದಲ್ಲ. 2003ರಲ್ಲೇ 1500 ಮೀಟರನ್ನು 2 ನಿಮಿಷ 10.639 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದ.

ಟ್ಯೂರಿನ್‌ನಲ್ಲಿ ಈ ಯುಗ ಶಿಖರ ಮುಟ್ಟಿತು. 2006ರ ಫೆಬ್ರವರಿ 12ರಂದು 1500 ಮೀಟರ್, 18ರಂದು 1000 ಮೀಟರ್. ಎರಡರಲ್ಲೂ ಆನ್‌ಗೆ ಚಿನ್ನ, ಸಹ ಆಟಗಾರ ಲೀ ಹೊ-ಸುಕ್‌ಗೆ ಬೆಳ್ಳಿ. 25ರಂದು 500 ಮೀಟರಿನಲ್ಲಿ ಕಂಚು. ಅದೇ ಸಂಜೆ ರಿಲೇ. ಈ ಆಟದ ರಿಲೇಯಲ್ಲಿ ಕೋಲು ಕೊಡುವುದಿಲ್ಲ. ಓಡಿ ಬಂದವನು ಮುಂದೆ ಬಗ್ಗಿ ಕೂತ ಜೊತೆಗಾರನ ಸೊಂಟಕ್ಕೆ ಎರಡೂ ಕೈಯಿಟ್ಟು ಬಲವಾಗಿ ನೂಕುತ್ತಾನೆ. ತನ್ನ ವೇಗವನ್ನೆಲ್ಲ ಅವನಿಗೆ ದಾಟಿಸಿ ತಾನು ಒಳಕ್ಕೆ ಸರಿಯುತ್ತಾನೆ. ಕೊನೆಯ ಎರಡು ಸುತ್ತುಗಳನ್ನು ಒಬ್ಬನೇ ಮುಗಿಸಬೇಕೆಂಬುದು ನಿಯಮ. ಕೊರಿಯಾ ಆ ಹೊಣೆಯನ್ನು ಆನ್‌ಗೆ ಕೊಟ್ಟಿತ್ತು. ಮುಂದಿದ್ದ ಕೆನಡಾವನ್ನು ಆತ ಆ ಕೊನೆಯ ಸರದಿಯಲ್ಲಿ ಹಿಂದಿಕ್ಕಿದ. ಇಪ್ಪತ್ತರ ವಯಸ್ಸಿಗೆ ಒಂದೇ ಕೂಟದಲ್ಲಿ ಮೂರು ಚಿನ್ನ, ಒಂದು ಕಂಚು.

ಪದಕಗಳ ಈ ಹೊಳಪಿನ ಕೆಳಗೆ ಕೊರಿಯಾದ ಸ್ಕೇಟಿಂಗ್ ಎರಡು ಬಣಗಳಾಗಿ ಒಡೆದಿತ್ತು. ಕೊರಿಯಾ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯಕ್ಕೆ ಸೇರಿದವರದು ಒಂದು ಕಡೆ, ಅದರ ಹೊರಗಿನವರದು ಇನ್ನೊಂದು ಕಡೆ. ಕೋಚ್‌ಗಳೂ ಆಟಗಾರರೂ ಹಾಗೆಯೇ ಹಂಚಿಹೋಗಿದ್ದರು. ಪರಿಣಾಮವಾಗಿ ಪುರುಷರ ತಂಡದ ಅತಿ ದೊಡ್ಡ ಸ್ಕೇಟರ್ ಟ್ಯೂರಿನ್ ಒಲಿಂಪಿಕ್ಸ್‌ಗೆ ಮಹಿಳಾ ತಂಡದ ಕೋಚ್ ಬಳಿ ತರಬೇತಿ ಪಡೆಯಬೇಕಾಗಿ ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮುಗಿಸಿ ತಂಡ ಇಂಚಿಯಾನ್ ವಿಮಾನ ನಿಲ್ದಾಣಕ್ಕೆ ಬಂದಿಳಿದಾಗ ಆನ್‌ನ ತಂದೆ ಸ್ಕೇಟಿಂಗ್ ಒಕ್ಕೂಟದ ಪದಾಧಿಕಾರಿಯೊಂದಿಗೆ ಕೈಕೈ ಮಿಲಾಯಿಸಿದರು. ಮಗನನ್ನು ತಂಡದವರೇ ಅಡ್ಡಗಟ್ಟುತ್ತಿದ್ದಾರೆ ಎಂಬುದು ಅವರ ದೂರು. ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿದ್ದ ತಂಡವೊಂದು ಊಟದ ಮೇಜಿನಲ್ಲೂ ಒಂದಾಗದ ಸ್ಥಿತಿಗೆ ತಲುಪಿದ್ದು ದುರಂತವೇ ಸರಿ.

2008ರ ಜನವರಿಯಲ್ಲಿ ಸೋಲ್‌ನ ತೇನುಂಗ್ ರಾಷ್ಟ್ರೀಯ ತರಬೇತಿ ಕೇಂದ್ರದಲ್ಲಿ ಅಭ್ಯಾಸ ಮಾಡುವಾಗ ಆನ್ ಜಾರಿ ಅಂಚಿನ ಬೇಲಿಗೆ ಅಪ್ಪಳಿಸಿದ. ಮಂಡಿಯ ಮೂಳೆ ಮುರಿಯಿತು. ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ಈ ಆಟದಲ್ಲಿ ಮಂಡಿಯೇ ಬಂಡವಾಳ: ಸ್ಕೇಟರ್ ಓಟದುದ್ದಕ್ಕೂ ಕುಕ್ಕರುಗಾಲಿಗೆ ಹತ್ತಿರದ ಭಂಗಿಯಲ್ಲಿರುತ್ತಾನೆ, ಪ್ರತಿ ತಿರುವಿನಲ್ಲೂ ದೇಹದ ತೂಕಕ್ಕಿಂತ ಹೆಚ್ಚಿನ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಚೇತರಿಸಿಕೊಂಡು ಬರುವಷ್ಟರಲ್ಲಿ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ ಆಯ್ಕೆ ಕೈತಪ್ಪಿತು. ಹಳೆಯ ಪದಕಗಳು ನೆರವಿಗೆ ಬರಲಿಲ್ಲ; ಆಯ್ಕೆ ಪಂದ್ಯದಲ್ಲಿ ಗೆಲ್ಲಬೇಕಿತ್ತು.

ಆ ದಿನಗಳಲ್ಲಿ ಆತ ಸೋಲ್‌ನ ಪಕ್ಕದ ಸಿಯೊಂಗ್ನಾಮ್ ನಗರಾಡಳಿತದ ತಂಡದಲ್ಲಿದ್ದ. ಕೊರಿಯಾದಲ್ಲಿ ಶಾಲೆ-ಕಾಲೇಜು ಮುಗಿಸಿದ ಆಟಗಾರರಿಗೆ ಸಂಬಳ ಕೊಟ್ಟು ಸಾಕುವುದು ಇಂಥ ನಗರಾಡಳಿತಗಳು ಮತ್ತು ಕಂಪನಿಗಳು. ಹಣದ ಮುಗ್ಗಟ್ಟಿಗೆ ಸಿಲುಕಿದ ಸಿಯೊಂಗ್ನಾಮ್ 2010ರ ಕೊನೆಗೆ ತನ್ನ ಹಲವು ಕ್ರೀಡಾ ತಂಡಗಳನ್ನು ಮುಚ್ಚಿತು. ಗಾಯಾಳು ಎಂಬ ಹಣೆಪಟ್ಟಿ ಹೊತ್ತ ಇಪ್ಪತ್ತೈದರ ಆಟಗಾರನಿಗೆ ಅಂಗಳವೂ ಇಲ್ಲ, ಸಂಬಳವೂ ಇಲ್ಲ ಎಂದಾಯಿತು.

ಇತ್ತ ರಷ್ಯಾ 2014ರ ಸೋಚಿ ಕೂಟಕ್ಕೆ ಸಿದ್ಧವಾಗುತ್ತಿತ್ತು. ಶಾರ್ಟ್ ಟ್ರ್ಯಾಕ್‌ನಲ್ಲಿ ರಷ್ಯಾ ಧ್ವಜದ ಅಡಿಯಲ್ಲಿ ಯಾರೂ ಒಲಿಂಪಿಕ್ ಪದಕ ಗೆದ್ದಿರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಗೆಲ್ಲುವವನೂ ಹೌದು, ಗೆಲ್ಲುವುದನ್ನು ಉಳಿದವರಿಗೆ ಕಲಿಸುವವನೂ ಹೌದು. 2011ರಲ್ಲಿ ಆನ್ ಮಾಸ್ಕೋಗೆ ಹೋದ. ಅದೇ ವರ್ಷದ ಡಿಸೆಂಬರ್‌ನಲ್ಲಿ ರಷ್ಯಾದ ಪೌರತ್ವ ಸಿಕ್ಕಿತು. ಕೊರಿಯಾದ ಪೌರತ್ವ ಅದರೊಂದಿಗೇ ಕೊನೆಗೊಂಡಿತು. ಹೊಸ ಹೆಸರು ವಿಕ್ಟರ್. ಗೆಲುವಿನ ಸೂಚನೆ ಅದರಲ್ಲಿದೆ, ಜೊತೆಗೆ ಕೊರಿಯನ್ ಮೂಲದ ಸೋವಿಯತ್ ರಾಕ್ ಗಾಯಕ ವಿಕ್ಟರ್ ತ್ಸೋಯ್‌ನ ನೆನಪೂ ಇದೆ. ರಷ್ಯಾದ ಜನ ಮನಸಾರೆ ಪ್ರೀತಿಸಿದ ಕೊರಿಯನ್ ಹೆಸರು ಅದೊಂದೇ ಎನ್ನಬಹುದಾದ್ದರಿಂದ ಆಯ್ಕೆ ಯೋಚಿಸಿ ಮಾಡಿದ್ದೇ.

ಮಂಡಿ ಮೊದಲಿನಂತಿರಲಿಲ್ಲ, ವಯಸ್ಸೂ ಏರಿತ್ತು. 1500 ಮೀಟರಿನ ದೀರ್ಘ ದಮ್ಮಿಗಿಂತ ಗಿಡ್ಡ ದೂರದ ವೇಗದ ಕಡೆಗೆ ಆತನ ಬಲ ವಾಲಿತು. ಪದಕಗಳನ್ನು ಅಕ್ಕಪಕ್ಕ ಇಟ್ಟರೆ ಇದು ಕಾಣುತ್ತದೆ: ಟ್ಯೂರಿನ್‌ನಲ್ಲಿ 1500ಕ್ಕೆ ಚಿನ್ನ, 500ಕ್ಕೆ ಕಂಚು, ಸೋಚಿಯಲ್ಲಿ 1500ಕ್ಕೆ ಕಂಚು, 500ಕ್ಕೆ ಚಿನ್ನ. ಗಾಯದಿಂದ ಎದ್ದವರು ಹಳೆಯ ಆಟವನ್ನೇ ಮರಳಿ ಪಡೆಯಲು ಹೆಣಗುವುದು ಸಾಮಾನ್ಯ. ಆನ್ ಬೇರೆಯದೇ ಆಟ ಕಟ್ಟಿಕೊಂಡ. ಆತನ ವೃತ್ತಿಜೀವನದ ನಿಜವಾದ ಸಾಹಸ ಇಲ್ಲಿದೆ.

2014ರ ಫೆಬ್ರವರಿ 10ರ ಕಂಚು ರಷ್ಯಾಕ್ಕೆ ಈ ಆಟದಲ್ಲಿ ಸಿಕ್ಕ ಮೊದಲ ಪದಕ. 15ರಂದು 1000 ಮೀಟರಿನಲ್ಲಿ ಆನ್‌ಗೆ ಚಿನ್ನ, ಜೊತೆಗಾರ ವ್ಲಾದಿಮಿರ್ ಗ್ರಿಗೊರೆವ್‌ಗೆ ಬೆಳ್ಳಿ. ಗೆದ್ದವನು ಮಂಡಿಯೂರಿ ಮಂಜಿಗೆ ಮುತ್ತಿಟ್ಟ. 21ರಂದು 500 ಮೀಟರ್ ಫೈನಲ್. ನಾಲ್ಕೂವರೆ ಸುತ್ತಿನ ಈ ಓಟದಲ್ಲಿ ಹೊರಡುವಾಗ ಹಿಂದೆ ಬಿದ್ದವನಿಗೆ ಸರಿಪಡಿಸಿಕೊಳ್ಳಲು ಸಮಯವೇ ಇರದು. ಹೀಗಾಗಿ ಬಹುಪಾಲು ಗೆಲುವುಗಳು ಮೊದಲ ತಿರುವಿನಲ್ಲೇ ನಿರ್ಧಾರವಾಗುತ್ತವೆ. ಆನ್ ಹಿಂದಿನಿಂದ ಬಂದು, ಚೀನಾದ ವು ದಾಜಿಂಗ್‌ರನ್ನು ದಾಟಿ ಗೆದ್ದ. ಕೆಲ ಹೊತ್ತಿನಲ್ಲೇ ಎಲಿಸ್ತ್ರಾತೊವ್, ಗ್ರಿಗೊರೆವ್, ಜಖಾರೊವ್ ಜೊತೆ ರಿಲೇ ಚಿನ್ನವೂ ಬಂತು.

ಅದೇ ಕೂಟದಲ್ಲಿ ಕೊರಿಯಾದ ಪುರುಷರ ತಂಡ ಶಾರ್ಟ್ ಟ್ರ್ಯಾಕ್‌ನಲ್ಲಿ ಒಂದೂ ಪದಕ ಗೆಲ್ಲಲಿಲ್ಲ. ಕೊರಿಯಾದ ಜನರ ಸಿಟ್ಟು ದೇಶ ಬಿಟ್ಟವನ ಮೇಲೆ ಹೋಗಲಿಲ್ಲ. ಬಿಡುವಂತೆ ಮಾಡಿದವರ ಮೇಲೆ, ಒಕ್ಕೂಟದ ಮೇಲೆ ತಿರುಗಿತು. ಆಗಿನ ಅಧ್ಯಕ್ಷೆ ಪಾರ್ಕ್ ಗ್ಯುನ್-ಹೇ ಕೂಡ ಆನ್ ಹೊರಹೋದದ್ದಕ್ಕೆ ಗುಂಪುಗಾರಿಕೆ ಮತ್ತು ಅಕ್ರಮಗಳು ಕಾರಣವೇ ಎಂದು ಬಹಿರಂಗವಾಗಿ ಪ್ರಶ್ನಿಸಿದರು. ಬಣಗಳ ಜಗಳವೊಂದೇ ಕಾರಣ ಎನ್ನುವುದು ಮಾತ್ರ ಪೂರ್ತಿ ಸತ್ಯವಲ್ಲ. ಮುರಿದ ಮಂಡಿ, ಮುಚ್ಚಿದ ತಂಡ, ಗಾಯಾಳುವಿಗೆ ಕಾಯದ ಆಯ್ಕೆ ಪದ್ಧತಿ, ಇವೂ ಅಷ್ಟೇ ಹೊಣೆ.

ಸೋಚಿಯ ಮರುತಿಂಗಳೇ ಮಾಂಟ್ರಿಯಲ್‌ನಲ್ಲಿ ಆರನೇ ಬಾರಿ ಸಮಗ್ರ ವಿಶ್ವ ಚಾಂಪಿಯನ್ ಪಟ್ಟ ದಕ್ಕಿತು, ಐದನೆಯದರ ಏಳು ವರ್ಷಗಳ ನಂತರ. ಮುಂದಿನ ಗುರಿ ಹುಟ್ಟುನೆಲದಲ್ಲೇ ನಡೆಯುವ 2018ರ ಪ್ಯೊಂಗ್‌ಚಾಂಗ್ ಕೂಟ. ಉದ್ದೀಪನ ಮದ್ದಿನ ಹಗರಣದಿಂದಾಗಿ ರಷ್ಯಾದ ಆಟಗಾರರನ್ನು ಆಯ್ದು ಆಹ್ವಾನಿಸಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆನ್‌ನ ಹೆಸರನ್ನು ಪಟ್ಟಿಯಲ್ಲಿ ಸೇರಿಸಲಿಲ್ಲ. ತಾನೆಂದೂ ಮದ್ದು ಮುಟ್ಟಿಲ್ಲ ಎಂದು ಆತ ಹೇಳಿಕೊಂಡ, ಕಾರಣ ಕೇಳಿ ಬಹಿರಂಗ ಪತ್ರ ಬರೆದ. ಕ್ರೀಡಾ ನ್ಯಾಯಮಂಡಳಿ ಕೂಟದ ಉದ್ಘಾಟನೆಯ ದಿನ ಮೇಲ್ಮನವಿಯನ್ನು ತಳ್ಳಿಹಾಕಿತು.

2020ರಲ್ಲಿ ಮಂಡಿನೋವಿನಿಂದ ಸ್ಪರ್ಧೆಗಳಿಗೆ ವಿದಾಯ ಹೇಳಿದ ಮೇಲೆ ಆನ್ ಚೀನಾ ತಂಡದ ಕೋಚ್‌ಗಳಲ್ಲಿ ಒಬ್ಬನಾದ. 2022ರ ಬೀಜಿಂಗ್ ಕೂಟದಲ್ಲಿ ಚೀನಾ ಮಿಶ್ರ ರಿಲೇ ಮತ್ತು ಪುರುಷರ 1000 ಮೀಟರ್ ಗೆದ್ದಿತು. ಆ 1000 ಮೀಟರಿನ ಸೆಮಿಫೈನಲ್‌ಗಳಲ್ಲಿ ಕೊರಿಯಾದ ಇಬ್ಬರು ಅನರ್ಹಗೊಂಡಿದ್ದರಿಂದ ಕೊರಿಯಾದಲ್ಲಿ ಭಾರಿ ಆಕ್ರೋಶ ಎದ್ದಿತು. ಸೋಚಿಯ ಹೊತ್ತಿಗೆ ಆನ್‌ನ ಪರ ನಿಂತಿದ್ದ ಜನರಲ್ಲಿ ಅನೇಕರು ಈ ಸಲ ಎದುರಾದರು. ಅದೇ ವರ್ಷದ ಕೊನೆಗೆ ಸಿಯೊಂಗ್ನಾಮ್ ನಗರಾಡಳಿತ ತನ್ನ ಸ್ಕೇಟಿಂಗ್ ತಂಡಕ್ಕೆ ಕೋಚ್ ಬೇಕೆಂದು ಅರ್ಜಿ ಕರೆದಾಗ ಹಾಕಿದವರಲ್ಲಿ ಆನ್ ಕೂಡ ಇದ್ದ. ಆಟಗಾರರಿಂದಲೂ ಕೋಚ್‌ಗಳಿಂದಲೂ ಆಕ್ಷೇಪಗಳು ಕೇಳಿಬಂದವು. 2023ರ ಜನವರಿಯಲ್ಲಿ ನಗರಾಡಳಿತ ಯಾರನ್ನೂ ಆರಿಸದೆ ಪ್ರಕ್ರಿಯೆ ಮುಗಿಸಿತು.