ಮಗುವಿನ ಬಾಯಲ್ಲಿ ಕನ್ನಡ

ಮುಂಬಯಿಯಲ್ಲಿ ನೆಲೆಸಿದ ನಮ್ಮ ಮಕ್ಕಳಿಗೆ ಬೀದಿಯಲ್ಲಿ ಹಿಂದಿ, ಮರಾಠಿ. ಶಾಲೆಯಲ್ಲಿ ಬಹುಪಾಲು ಇಂಗ್ಲಿಷು. ಕನ್ನಡಕ್ಕೆ ಉಳಿದಿರುವುದು ಮನೆಯೊಂದೇ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಗುವಿನ ಮಾತು ಕೆಟ್ಟೀತೆಂಬ ಅಂಜಿಕೆಗೆ ಆಧಾರವಿಲ್ಲ.

ಕೂಸಿಗೆ ಬೇಕಾದುದು ಪಾಠವಲ್ಲ, ಮಾರುತ್ತರ. ಅದು 'ಊಂ' ಎಂದರೆ ನಾವೂ ಓಗೊಡಬೇಕು. 1 ವರುಷದ ಸುಮಾರಿಗೆ ಮೊದಲ ಮಾತು, 2 ತುಂಬುವಾಗ ಎರಡೆರಡು ಪದಗಳ ಜೋಡಣೆ ಸಾಮಾನ್ಯ. ತೀರ ತಡವಾದರೆ ವೈದ್ಯರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸೋಣ.

ಮಗು 'ನೀಲು' ಎಂದರೆ ನಗದೆ, ಗದರದೆ, 'ನೀರು ಬೇಕೇ? ತಣ್ಣೀರೋ, ಬಿಸಿನೀರೋ?' ಎಂದು ಮಾತು ಬೆಳೆಸೋಣ. ಅವರೆಕಾಯಿ ಸುಲಿಯುವಾಗ ಕಾಳು ಎಣಿಸಲಿ. ತುಸು ಬೆಳೆದ ಮೇಲೆ ಚೌಕಾಬಾರದಲ್ಲಿ ಗರ ಕೂಗಲಿ, ಒಗಟು ಬಿಡಿಸಲಿ. ಊರಿಗೆ ಹೋದಾಗ ಅಜ್ಜಿಗೂ ಮೊಮ್ಮಗುವಿಗೂ ನಡುವೆ ದುಭಾಷಿ ಬೇಕಾಗದಿರಲಿ.