ಎತ್ತಿ ಒಯ್ಯುವ ಹಗೇವು

ಹಗೇವು ಎಂಬ ಮಾತನ್ನು ಇಂದಿನ ಮಕ್ಕಳು ಕೇಳಿರಲಾರರು. ನಮ್ಮ ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಜೋಳವನ್ನು ಕೂಡಿಡಲು ನೆಲದೊಳಗೆ ತೋಡುತ್ತಿದ್ದ ಕಣಜಕ್ಕೆ ಹಗೇವು ಎಂದು ಹೆಸರು. ಸುಗ್ಗಿ ಮುಗಿದ ಮೇಲೆ ಅದರ ಒಡಲಿಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಮಳೆ ತಪ್ಪಿದ ವರ್ಷ ಅದನ್ನು ತೆರೆದರೆ ಮನೆಮಂದಿ ಉಣ್ಣುತ್ತಿದ್ದರು. ಹಗೇವಿನಲ್ಲಿ ಒಂದು ಕಾಳೂ ಬೆಳೆಯುವುದಿಲ್ಲ. ಬೆಳೆದದ್ದನ್ನು ಅದು ಕಾಯುತ್ತದೆ, ಅಷ್ಟೆ. ಆದರೂ ಬರಗಾಲದಲ್ಲಿ ಹೊಲಕ್ಕಿಂತ ಹಗೇವೇ ದೊಡ್ಡದು.

ಈ ಹೊತ್ತು ನಾನು ಹೇಳಹೊರಟಿರುವುದು ವಿದ್ಯುತ್ತಿನ ಹಗೇವನ್ನು ಕುರಿತು. ಕೈಹಿಡಿಕೆಯುಳ್ಳ, ಒಬ್ಬನೇ ಎತ್ತಿ ಒಯ್ಯಬಹುದಾದ, ಬ್ಯಾಟರಿಯ ಪೆಟ್ಟಿಗೆ ಅದು. ಪೇಟೆಯಲ್ಲಿ ಅದನ್ನು ಪೋರ್ಟೆಬಲ್ ಪವರ್ ಸ್ಟೇಶನ್ ಎನ್ನುತ್ತಾರೆ. ಜೀವಮಾನವೆಲ್ಲ ಕನ್ನಡ ಕಲಿಸಿ ನಿವೃತ್ತನಾದವನಿಗೆ ಇದರ ಗೊಡವೆ ಏಕೆಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಉತ್ತರವಾಗಿ ಮೊದಲು ಒಂದು ರಾತ್ರಿಯ ಸಂಗತಿಯನ್ನು ಹೇಳಬೇಕು. ಆ ರಾತ್ರಿಗೂ ಮೊದಲು, ನಮ್ಮ ಸೀಮೆಗೆ ಬೆಳಕು ಬಂದ ಬಗೆಯನ್ನು ಹೇಳಬೇಕು.

ನನಗೆ ಬುದ್ಧಿ ಬಲಿತದ್ದು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ, ಚಿಮಣಿ ಎಣ್ಣೆಯ ಬೆಳಕಿನಲ್ಲಿ. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ಹಳ್ಳಿಗಳಿಗೆ ಅಲ್ಲಿನವರದೇ ಸಂಘ ವಿದ್ಯುತ್ತನ್ನು ಹಂಚಲಿ ಎಂಬ ಉದ್ದೇಶದಿಂದ ಆ ಕಾಲದಲ್ಲಿ ದೇಶದೊಳಗೆ ಪ್ರಯೋಗರೂಪವಾಗಿ ತೆರೆದ ಐದು ಸಂಘಗಳಲ್ಲಿ ಅದೂ ಒಂದು. ಉಳಿದ ನಾಲ್ಕು ಗುಜರಾತ, ಮಹಾರಾಷ್ಟ್ರ, ಆಂಧ್ರ, ಉತ್ತರ ಪ್ರದೇಶಗಳಲ್ಲಿ ಇದ್ದವು. ಬೆಳಕಿಗೂ ಷೇರು ಹಿಡಿಯುವ ಕಾಲ ಬಂತಲ್ಲ ಎಂದು ನನ್ನ ತಂದೆಯವರು ಬೆರಗಾಗಿದ್ದರು. ಇತ್ತ ಗೋಕಾಕದ ಕಥೆ ಇನ್ನೂ ಹಳೆಯದು. 52 ಮೀಟರು ಎತ್ತರದಿಂದ ಧುಮುಕುವ ಘಟಪ್ರಭೆಯ ಬಲವನ್ನು ಬಳಸಿ 1887ರಷ್ಟು ಹಿಂದೆಯೇ ಅಲ್ಲಿ ನೂಲಿನ ಗಿರಣಿಯನ್ನು ನಡೆಸಿದರು. ವಿದ್ಯುತ್ತೂ ಆ ವರ್ಷವೇ ಅಲ್ಲಿ ಹುಟ್ಟಿತೆಂಬ ಪ್ರಸಿದ್ಧಿ ಇದೆ. ಹೀಗೆ ಹೊಳೆಯಿಂದ ಬೆಳಕು ಪಡೆದ ಊರು ನಮ್ಮದು.

ಅದೇ ಹೊಳೆ 2019ರ ಆಗಸ್ಟಿನಲ್ಲಿ ಬೆಳಕನ್ನು ಕಸಿದುಕೊಂಡಿತು. ಆಶ್ಲೇಷಾ ಮಳೆ ಬಿಡದೆ ಸುರಿಯುತ್ತಿತ್ತು. ಹಿಡಕಲ್ ಜಲಾಶಯದಿಂದ ನೀರು ಬಿಟ್ಟಿದ್ದರು. ಮಾರ್ಕಂಡೇಯ ನದಿಯೂ ಉಕ್ಕಿತ್ತು. ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು. ನನ್ನ ಅಣ್ಣನ ಮನೆ ಅಂಥ ಒಂದು ಓಣಿಯಲ್ಲಿದೆ. ವೈನಿಯವರಿಗೆ ಬಹುಕಾಲದ ಉಬ್ಬಸ. ತಂಪು ಹೆಚ್ಚಿದರೆ ನೆಬ್ಯುಲೈಸರಿನಿಂದ ಔಷಧದ ಆವಿಯನ್ನು ಎಳೆದುಕೊಳ್ಳದೆ ಉಸಿರು ಸಾಗದು. ಆ ಯಂತ್ರಕ್ಕೆ ವಿದ್ಯುತ್ತು ಬೇಕು. ಮನೆಯಲ್ಲಿ ಇನ್ವರ್ಟರ್ ಇಲ್ಲದೆ ಇರಲಿಲ್ಲ. ಆದರೆ ಅದರ ಬ್ಯಾಟರಿ ಮೆಟ್ಟಿಲ ಕೆಳಗೆ ನೆಲದ ಮೇಲಿತ್ತು. 50 ಕಿಲೋಗೂ ಮಿಕ್ಕಿದ ಸೀಸದ ಭಾರ ಅದು. ನೀರು ಹೊಸ್ತಿಲು ದಾಟಿದಾಗ ನಾವು ಅಕ್ಕಿ, ಹಾಸಿಗೆ, ಪುಸ್ತಕಗಳನ್ನು ಮಾಳಿಗೆಗೆ ಸಾಗಿಸಿದೆವು. ಇಬ್ಬರು ಮುದುಕರಿಂದ ಆ ಬ್ಯಾಟರಿಯನ್ನು ಅಲುಗಿಸಲೂ ಆಗಲಿಲ್ಲ. ಕಷ್ಟಕಾಲಕ್ಕೆಂದು ಇಟ್ಟದ್ದು ಕಷ್ಟದ ಮೊದಲ ತಾಸಿನಲ್ಲೇ ಮುಳುಗಿತು.

ರಾತ್ರಿ ಒಂಬತ್ತರ ಸುಮಾರಿಗೆ ವೈನಿಯವರ ಉಸಿರು ಸಿಳ್ಳೆ ಹಾಕತೊಡಗಿತು. ಔಷಧ ಕೈಯಲ್ಲಿದೆ, ಯಂತ್ರ ಮುಂದಿದೆ, ನಡುವೆ ಬೇಕಾದದ್ದು ಮಾತ್ರ ಇಲ್ಲ. ನಾವು ಮಾಳಿಗೆಯಿಂದ ಕೂಗಿದ್ದನ್ನು ಕೇಳಿ ಮೂರು ಮನೆ ಆಚೆಗಿದ್ದ ಒಬ್ಬ ಹುಡುಗ ಮಾಳಿಗೆಗಳನ್ನು ದಾಟಿಕೊಂಡು ಬಂದ. ಮದುವೆ, ಜಾತ್ರೆಗಳಿಗೆ ಮೈಕ್ ಸೆಟ್ ಒದಗಿಸುವವನು. ಅವನ ಹೆಗಲ ಮೇಲೆ ಸಣ್ಣದೊಂದು ಬ್ಯಾಟರಿ, ಕೈಯಲ್ಲಿ ಅಂಗೈ ಅಗಲದ ಇನ್ವರ್ಟರ್. ಇಷ್ಟರಲ್ಲಿ ಆದೀತೇ ಎಂದು ನಾನು ಕೇಳಿದೆ. "ಹತ್ತ ಮಿನಿಟಿನ ಮಾತಲ್ಲೇನ್ರಿ ಸರ? ನಡಿತೈತಿ, ತಗೋರಿ" ಎಂದ. ನಡೆಯಿತು. ಅಂದು ಆ ಹುಡುಗನಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ ಸಂಗತಿ ಎಂದರೆ ಒಂದು ಸರಳ ಗುಣಾಕಾರ. ಅದನ್ನು ನಾನು ನಂತರ ಕಲಿತೆ.

ವ್ಯಾಟ್ ಎಂಬುದು ಒಂದು ಉಪಕರಣ ವಿದ್ಯುತ್ತನ್ನು ಉಣ್ಣುವ ವೇಗ. ವ್ಯಾಟ್-ಅವರ್ ಎಂಬುದು ಅದು ಒಟ್ಟು ಉಂಡ ಪ್ರಮಾಣ. ವೇಗವನ್ನು ತಾಸಿನಿಂದ ಗುಣಿಸಿದರೆ ಪ್ರಮಾಣ ಸಿಕ್ಕುತ್ತದೆ. ಇಂಥ 1000 ವ್ಯಾಟ್-ಅವರ್ ಕೂಡಿದರೆ ನಮ್ಮ ಬಿಲ್ಲಿನಲ್ಲಿ ಬರೆಯುವ ಒಂದು ಯೂನಿಟ್. ಪೆಟ್ಟಿಗೆಯ ಮೇಲೆ ಎರಡು ಅಂಕಿಗಳನ್ನು ಮುದ್ರಿಸಿರುತ್ತಾರೆ. ಒಂದು, ಹಗೇವಿನಲ್ಲಿ ಎಷ್ಟು ಕಾಳು ಹಿಡಿಯುತ್ತದೆ ಎಂಬುದು. ಇನ್ನೊಂದು, ಅದರ ಬಾಯಿ ಎಷ್ಟು ಅಗಲ ಎಂಬುದು. ಎರಡನ್ನೂ ನೋಡದೆ ಕೊಳ್ಳುವವರು ಮೋಸಹೋಗುತ್ತಾರೆ. ನಾನೇ ಮೊದಲ ದಿನ 500 ವ್ಯಾಟಿನ ಬಾಯಿಯುಳ್ಳ ಪೆಟ್ಟಿಗೆಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನು ಹಚ್ಚಿದೆ. ಅದು ಒಮ್ಮೆ ಕೀಚೆಂದು ಸುಮ್ಮನಾಯಿತು. ಕೆಟ್ಟಿತೆಂದು ನಾನು ಹೆದರಿದೆ; ಅದು ತನ್ನನ್ನು ತಾನು ಕಾಪಾಡಿಕೊಂಡಿತ್ತು.

ಈಗ ವೈನಿಯವರ ಮನೆಯ ಒಂದು ರಾತ್ರಿಯ ಲೆಕ್ಕವನ್ನು ಹಾಕೋಣ. ನೆಬ್ಯುಲೈಸರು 120 ವ್ಯಾಟ್, ಹತ್ತು ಮಿನಿಟಿನಂತೆ ನಾಲ್ಕು ಸಲ: 80 ವ್ಯಾಟ್-ಅವರ್. 9 ವ್ಯಾಟಿನ ಎರಡು ಎಲ್‌ಇಡಿ ದೀಪ, ಆರು ತಾಸು: 108. ವಿದ್ಯುತ್ತನ್ನು ಕಡಿಮೆ ಉಣ್ಣುವ ಹೊಸ ಬಗೆಯ 30 ವ್ಯಾಟಿನ ಫ್ಯಾನು, ಎಂಟು ತಾಸು: 240. ನಾಲ್ಕು ಮೊಬೈಲು: 60. ಒಟ್ಟು 488. ಪೆಟ್ಟಿಗೆಯ ಒಳಗೆ ವಿದ್ಯುತ್ತು ರೂಪ ಬದಲಿಸುವಾಗ ಸುಮಾರು ನೂರಕ್ಕೆ ಹದಿನೈದು ಪಾಲು ಸೋರಿಹೋಗುತ್ತದೆ. ಅದನ್ನು ಸೇರಿಸಿದರೆ 574. ಅಂದರೆ 600 ವ್ಯಾಟ್-ಅವರಿನ ಪೆಟ್ಟಿಗೆ ಒಂದು ರಾತ್ರಿಗೆ ಸಾಕು. ಅದರ ತೂಕ 7-8 ಕಿಲೋ, ತುಂಬಿದ ಒಂದು ಬಿಂದಿಗೆಯಷ್ಟೂ ಇಲ್ಲ. ಇದೇ ಲೆಕ್ಕ ಇನ್ನೊಂದು ಎಚ್ಚರವನ್ನೂ ಕೊಡುತ್ತದೆ. ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರ 350 ವ್ಯಾಟ್ ಉಣ್ಣುವುದಾದರೆ ಅದೇ ಪೆಟ್ಟಿಗೆ ಒಂದೂವರೆ ತಾಸಿಗೆ ಬರಿದಾಗುತ್ತದೆ. ಅಂಥ ರೋಗಿಗಳಿರುವ ಮನೆಯವರು ಇದೊಂದನ್ನೇ ನೆಚ್ಚಬಾರದು. ಸಿಲಿಂಡರನ್ನೂ ಆಸ್ಪತ್ರೆಯ ದಾರಿಯನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಇಷ್ಟು ಹಗುರವಾದ ಪೆಟ್ಟಿಗೆಯಲ್ಲಿ ಇಷ್ಟು ಶಕ್ತಿ ಹೇಗೆ ಅಡಗಿತು? 1800ರಲ್ಲಿ ಇಟಲಿಯ ವೋಲ್ಟಾ ಎಂಬ ವಿಜ್ಞಾನಿ ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ತೋಯಿಸಿದ ಬಟ್ಟೆಯನ್ನಿಟ್ಟು ಒಂದರ ಮೇಲೊಂದು ಪೇರಿಸಿ ವಿದ್ಯುತ್ತನ್ನು ಪಡೆದನು. ತೀರಿದ ಮೇಲೆ ಮತ್ತೆ ತುಂಬಿಸಬಹುದಾದ ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ರೂಪಿಸಿದನು. ನಮ್ಮ ಮನೆಗಳ ಇನ್ವರ್ಟರಿನ ಅಡಿಯಲ್ಲಿ ಕುಳಿತಿರುವುದು ಬಹುಮಟ್ಟಿಗೆ ಅದರ ಸಂತತಿಯೇ. ಲೋಹಗಳಲ್ಲೆಲ್ಲ ಹಗುರವಾದ ಲಿಥಿಯಮ್ಮನ್ನು ಬಳಸಿಕೊಂಡ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಗೋಕಾಕ ಮುಳುಗಿದ ವರ್ಷವೇ ಎಂಬುದು ನನ್ನ ನೆನಪಿನಲ್ಲಿ ಗಂಟುಬಿದ್ದಿದೆ.

ಇಂದಿನ ಒಳ್ಳೆಯ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಬಳಸುವುದು ಕಬ್ಬಿಣದ ಫಾಸ್ಫೇಟನ್ನು ಒಳಗೊಂಡ ಲಿಥಿಯಂ ಕೋಶ. ಅದನ್ನು ಲೋಕಕ್ಕೆ ತಿಳಿಸಿದ 1997ರ ಸಂಶೋಧನ ಲೇಖನದಲ್ಲಿ ಗುಡ್‌ಇನಫ್ ಅವರ ಜತೆಗೆ ಪಾಢಿ, ನಂಜುಂಡಸ್ವಾಮಿ ಎಂಬ ಹೆಸರುಗಳೂ ಇವೆ. ಎರಡನೆಯ ಹೆಸರು ನಮ್ಮ ಕಿವಿಗೆ ನೆಂಟರ ಹೆಸರಿನಂತೆ ಕೇಳುತ್ತದಲ್ಲವೇ? ಈ ಕೋಶ ಬೇರೆ ಬಗೆಯ ಲಿಥಿಯಂ ಕೋಶಗಳಿಗಿಂತ ತುಸು ಭಾರ. ಆದರೆ ಸುಲಭವಾಗಿ ಬೆಂಕಿಗೆ ತುತ್ತಾಗದು, ಎರಡು-ಮೂರು ಸಾವಿರ ಸಲ ತುಂಬಿ ಬರಿದುಮಾಡಿದರೂ ಬಾಳುತ್ತದೆ. ಅದರ ಒಳಗೆ ನಡೆಯುವುದನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಹೊಳೆಯ ಎರಡು ದಡಗಳಲ್ಲಿ ಎರಡು ಊರು. ತುಂಬಿಸುವಾಗ ಲಿಥಿಯಮ್ಮಿನ ಕಣಗಳನ್ನು ಆಚೆ ದಡಕ್ಕೆ ಬಲವಂತದಿಂದ ಅಟ್ಟುತ್ತೇವೆ. ಬಿಟ್ಟೊಡನೆ ಅವು ಈಸಿಕೊಂಡು ತಮ್ಮೂರಿಗೆ ಮರಳುತ್ತವೆ. ಅವುಗಳ ಒಡನಾಡಿಗಳಾದ ಇಲೆಕ್ಟ್ರಾನುಗಳಿಗೆ ಆ ಹೊಳೆಯಲ್ಲಿ ಈಸುವ ದಾರಿಯಿಲ್ಲ; ಅವು ಸೇತುವೆ ಸುತ್ತಿಯೇ ಬರಬೇಕು. ಆ ಸೇತುವೆಯೇ ತಂತಿ. ಬರುವ ದಾರಿಯಲ್ಲಿ ನಮ್ಮ ದೀಪವನ್ನು ಹೊತ್ತಿಸಿ ಬರುತ್ತವೆ. ಹೀಗೆ ಬಂದ ನೇರ ಪ್ರವಾಹವನ್ನು ಮನೆಯ 230 ವೋಲ್ಟಿನ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುವ ಇನ್ವರ್ಟರು ಪೆಟ್ಟಿಗೆಯೊಳಗೇ ಇರುತ್ತದೆ.

ಹಗೇವನ್ನು ತೆರೆದೊಡನೆ ಒಳಗೆ ಇಳಿಯಬಾರದೆಂದು ಹಿರಿಯರು ಹೇಳುತ್ತಿದ್ದರು; ಕೆಟ್ಟ ಗಾಳಿ ತುಂಬಿ ಜೀವ ಹೋದ ನಿದರ್ಶನಗಳಿದ್ದವು. ಈ ಪೆಟ್ಟಿಗೆಗೂ ಅಂಥ ಕಟ್ಟಳೆಗಳಿವೆ. ಮೊದಲನೆಯದು ಎಲ್ಲಕ್ಕಿಂತ ಮುಖ್ಯ. ಇದರ ವಿದ್ಯುತ್ತನ್ನು ಎರಡೂ ತುದಿಗೆ ಪಿನ್ನುಳ್ಳ ತಂತಿಯಿಂದ ಮನೆಯ ಗೋಡೆಯ ಸಾಕೆಟ್ಟಿಗೆ ಎಂದೂ ಕೊಡಕೂಡದು. ಆ ಪ್ರವಾಹ ಮನೆಯಿಂದ ಹೊರಬಿದ್ದು ಕಂಬದ ತಂತಿಗೆ ಹಿಮ್ಮುಖವಾಗಿ ಹರಿಯಬಹುದು. ಕರೆಂಟು ಇಲ್ಲವೆಂದು ನಂಬಿ, ಮಳೆಯಲ್ಲಿ ತೋಯುತ್ತ ಕಂಬ ಹತ್ತಿರುವ ಲೈನ್‌ಮನ್ನನ ಜೀವ ನಮ್ಮ ಮನೆಯ ಒಂದು ಫ್ಯಾನಿಗೆ ಬಲಿಯಾದೀತು. ದೀಪವನ್ನಾಗಲಿ ಫ್ಯಾನನ್ನಾಗಲಿ ನೇರವಾಗಿ ಪೆಟ್ಟಿಗೆಗೇ ಹಚ್ಚಬೇಕು. ಎರಡನೆಯದು, ನೀರಿನಲ್ಲಿ ಮುಳುಗಿದ ಅಥವಾ ಉಬ್ಬಿದ ಪೆಟ್ಟಿಗೆಯನ್ನು ಒಣಗಿಸಿ ಮತ್ತೆ ಬಳಸುವ ಜಾಣತನ ಬೇಡ. ಮೂರನೆಯದು, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಅದನ್ನು ಬಿಡಬಾರದು. ಕೋಶಗಳ ಆಯುಷ್ಯವನ್ನು ಕಾವು ತಿನ್ನುತ್ತದೆ.

ನಾಲ್ಕನೆಯ ಕಟ್ಟಳೆಯನ್ನು ನಾನು ಕಲಿತದ್ದು ನಾಚಿಕೆಪಟ್ಟು. ಪ್ರವಾಹದ ಮರುವರ್ಷ ಮಗ ಬೆಂಗಳೂರಿನಿಂದ ಪೆಟ್ಟಿಗೆಯನ್ನು ತಂದುಕೊಟ್ಟ. ನಾನು ಅದನ್ನು ಅಣ್ಣನ ಮನೆಯ ಕಪಾಟಿನಲ್ಲಿ ಭದ್ರವಾಗಿಟ್ಟೆ. ತಿಂಗಳುಗಳು ಉರುಳಿದವು. ಒಂದು ಅಡ್ಡಮಳೆಯ ಸಂಜೆ ಕಂಬಗಳು ಬಿದ್ದು ಊರು ಕತ್ತಲಾಯಿತು. ದೊಡ್ಡಸ್ತಿಕೆಯಿಂದ ಪೆಟ್ಟಿಗೆಯನ್ನು ತಂದು ಗುಂಡಿಯನ್ನು ಒತ್ತಿದರೆ ಬೆಳಕಿಲ್ಲ. ಬಳಸದೆ ಬಿಟ್ಟ ಬ್ಯಾಟರಿ ತಾನೇ ಮೆಲ್ಲಗೆ ಸೋರಿ ಬರಿದಾಗಿತ್ತು. ವೈನಿಯವರು ಆ ಉಬ್ಬಸದ ನಡುವೆಯೂ ನಕ್ಕು, "ಹಗೇವೇನೋ ತೋಡಿದ್ರಿ, ಕಾಳು ಹಾಕೂದ ಮರತ್ರೆಲ್ಲ, ಪ್ರೊಫೆಸರ?" ಎಂದರು. ಈ ಭಾಷಣದ ಹೋಲಿಕೆ ನನ್ನದಲ್ಲ, ಅವರದು. ಅಂದು ಬೇಗನೆ ಕರೆಂಟು ಬಂದದ್ದು ನಮ್ಮ ಪುಣ್ಯ. ಅಂದಿನಿಂದ ಮೂರು ತಿಂಗಳಿಗೊಮ್ಮೆ ಅದನ್ನು ನೋಡುತ್ತೇವೆ. ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ಪೂರ್ತಿ ತುಂಬಿಸಿ, ಮಳೆಗಾಲ ಮುಗಿಯುವವರೆಗೂ ಮಾಳಿಗೆಯಲ್ಲೇ ಇಡುತ್ತೇವೆ.

ಸೂರ್ಯಫಲಕದಿಂದ ತುಂಬಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ತುಂಬಿಸಬಹುದು. ಮೂಡಲಗಿಯ ಕಡೆ ನನ್ನ ಮಗಳ ಮನೆಯವರು ಹಾಗೆಯೇ ಮಾಡುತ್ತಾರೆ. ರಾತ್ರಿ ಪಂಪಿಗೆ ಕರೆಂಟು ಬಿಟ್ಟಾಗ ಕಬ್ಬಿಗೆ ನೀರು ಹಾಯಿಸಲು ಹೊಲದಲ್ಲೇ ವಸ್ತಿ ಇರಬೇಕಾಗುತ್ತದೆ. ಹಾವು ಚೇಳಿನ ಭಯಕ್ಕೆ ಗುಡಿಸಲಿನ ದೀಪವೇ ಕಾವಲು. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಟ್ರ್ಯಾಕ್ಟರಿನಲ್ಲಿ ಹೋಗಿ ಗುಡ್ಡದಲ್ಲಿ ಇಳಿದುಕೊಂಡಾಗಲೂ ಅದು ಜತೆಗಿರುತ್ತದೆ. 100 ವ್ಯಾಟಿನ ಫಲಕ ಒಳ್ಳೆಯ ಬಿಸಿಲಿನಲ್ಲಿ 60-70 ವ್ಯಾಟ್ ಕೊಟ್ಟೀತು. ಆದರೆ ಆಶ್ಲೇಷಾ ಮಳೆಯ ಮೋಡದ ಕೆಳಗೆ ಅದರಿಂದ ಬರುವುದು ಅತ್ಯಲ್ಪ. ನೆರೆ ಬರುವ ದಿನ ಸೂರ್ಯ ಬರುವುದಿಲ್ಲ. ಆದುದರಿಂದ ಬಿಸಿಲಿದ್ದಾಗಲೇ, ಕರೆಂಟಿದ್ದಾಗಲೇ ತುಂಬಿಡಬೇಕು.

ಇದು ಅಗ್ಗದ ವಸ್ತುವಲ್ಲ. ಅದೇ ಹಣಕ್ಕೆ ಸೀಸದ ಬ್ಯಾಟರಿಯಲ್ಲಿ ಹೆಚ್ಚು ವಿದ್ಯುತ್ತು ಹಿಡಿಯುತ್ತದೆ. ನೆರೆಯ ಭಯವಿಲ್ಲದ ಮನೆಗೆ ಹಳೆಯ ಇನ್ವರ್ಟರೇ ಸಾಕು. ಆದರೆ ಮನೆಯನ್ನೇ ಬಿಟ್ಟು ಏಳಬೇಕಾದ ಗಳಿಗೆಯಲ್ಲಿ ಎತ್ತಲು ಬಾರದ್ದು ನಮ್ಮದಾಗಿ ಉಳಿಯುವುದಿಲ್ಲ. ಕೊಳ್ಳುವ ಶಕ್ತಿ ಒಂದು ಮನೆಗೆ ಇಲ್ಲದಿದ್ದರೆ ಓಣಿಗೊಂದು ಇರಲಿ. ಊರೂರು ಕೂಡಿ ಷೇರು ಹಾಕಿ ಕತ್ತಲೆಯನ್ನು ಕಳೆದ ಸೀಮೆ ನಮ್ಮದು; ಹತ್ತು ಮನೆ ಕೂಡಿ ಒಂದು ಪೆಟ್ಟಿಗೆಯನ್ನು ಕೊಳ್ಳುವುದು ನಮಗೆ ದೊಡ್ಡ ಮಾತಲ್ಲ. ಯಾರ ಮನೆಯಲ್ಲಿ ಉಬ್ಬಸದವರಿದ್ದಾರೆ, ಬಾಣಂತಿಯರಿದ್ದಾರೆ ಎಂಬುದು ಓಣಿಗೆ ತಿಳಿದಿರಲಿ. ಅದನ್ನು ಎತ್ತಿಕೊಂಡು ಮಾಳಿಗೆಗಳನ್ನು ದಾಟಿ ಬರುವ ಹುಡುಗನೊಬ್ಬನೂ ಇರಲಿ.

ಈ ವರ್ಷ ಪೆಟ್ಟಿಗೆಯನ್ನು ತುಂಬಿಸಿದ್ದು ವೈನಿಯವರೇ. ಅದರ ಪುಟ್ಟ ಪರದೆಯಲ್ಲಿ 100 ಎಂಬ ಅಂಕಿ ಮೂಡುವವರೆಗೂ ಕಾದು ಕುಳಿತಿದ್ದರು.